ಮಂಚದಡಿಯ ವೈನು

ಮೊಂತೇರು ಮಾಸ್ತರರ ಮನೆಯ ಭರಣಿಯಲ್ಲಿ ಕ್ರಿಸ್ಮಸ್ಸಿಗೆಂದು ಹಾಕಿದ ದ್ರಾಕ್ಷಿ ವೈನು ಇನ್ನೂ ಬುಸುಗುಡುತ್ತಿತ್ತು. ಆದರೂ ಅಡುಗೆಯ ಸೆವ್ರಿನಾಳಿಗೆ ಅಪ್ಪಣೆಯಾಯಿತು: "ಇವತ್ತೇ ಬಾಟಲಿಗೆ ತುಂಬಿಸಿ ಬಿರಡೆ ಜಡಿ."

"ನೊರೆ ಇಳಿದಿಲ್ಲ ಮಾಸ್ತ್ರೇ, ಬಾಟಲಿ ಒಡೆದೀತು."

"ಪುಸ್ತಕ ಓದಿದವನು ನಾನೋ ನೀನೋ?"

ಸೆವ್ರಿನಾ ಹನ್ನೆರಡು ಬಾಟಲಿ ತುಂಬಿಸಿ, ಬಿರಡೆ ಜಡಿದು, ಎಲ್ಲವನ್ನೂ ಮಾಸ್ತರರ ಮಂಚದಡಿ ಜೋಡಿಸಿಟ್ಟಳು. ಊಟ ಮುಗಿಸಿ ಮಲಗಲು ಬಂದ ಮಾಸ್ತರರು ಬಾಗಿಲಲ್ಲೇ ನಿಂತರು.

"ಇಲ್ಲಿ ಯಾಕೆ ಇಟ್ಟೆ?"

"ತಂಪು, ಕತ್ತಲೆ ಜಾಗ ಬೇಕೆಂದು ನೀವೇ ಓದಿ ಹೇಳಿದ್ದಲ್ವಾ? ಮಲಗಿ ಮಾಸ್ತ್ರೇ. ದಪ್ಪ ಹಾಸಿಗೆಯನ್ನೇ ಹಾಸಿದ್ದೇನೆ."

ಮಂಚದಡಿಯಿಂದ ಸಣ್ಣಗೆ ಸುಂಯ್ ಎಂದಿತು. ಮಾಸ್ತರರು ಗಂಟಲು ಸರಿಮಾಡಿಕೊಂಡರು.

"ಎಲ್ಲವನ್ನೂ ವಾಪಸ್ ಭರಣಿಗೆ ಸುರಿ. ಪುಸ್ತಕದ ಮುಂದಿನ ಪುಟ ನಾನಿನ್ನೂ ಓದಿಲ್ಲ."