ನಡುಹೊಳೆಯ ಹಸು

"ಕಸಿದುಕೊಂಡು ಹೋದವರಿಂದ ಮರಳಿ ಕಸಿದು ತರುವುದರಲ್ಲಿ ತಪ್ಪೇನಿದೆ, ಗುರುಗಳೇ?" ಎಂದು ಚನ್ನಬೀರ ಕೇಳಿದ.

ಅವನು ಗಡಿಯ ಹಳ್ಳಿಯವನು. ಆ ಬೆಳಗ್ಗೆಯೇ ಗಡಿಹೊಳೆಯ ಆಚೆ ದಡದಿಂದ ಒಂದು ಹಸು ಹೊಡೆದುಕೊಂಡು ಬಂದು ಮಠದ ಅಂಗಳದಲ್ಲಿ ಕಟ್ಟಿದ್ದ. "ಏಳು ಜನ ಕಾವಲಿದ್ದರು. ಒಬ್ಬನಿಗೂ ನನ್ನ ನೆರಳು ಕಾಣಲಿಲ್ಲ. ನನ್ನಂಥ ಇನ್ನೊಬ್ಬನಿದ್ದರೆ ತೋರಿಸಿ!" ಎಂದು ಬಂದವರಿಗೆಲ್ಲ ಹೇಳಿಕೊಂಡಿದ್ದ. ಹಸು ಮಾತ್ರ ಆಗಿನಿಂದ ಕೂಗುತ್ತಲೇ ಇತ್ತು. ಜಾಗ ಹೊಸದು, ಅದಕ್ಕೇ ಇರಬೇಕು ಎಂದುಕೊಂಡ.

ಗುರುಗಳು ಕತೆ ಹೇಳಿದರು.

ಒಬ್ಬ ರಾಜ ಸತ್ತ. ಗಂಡುಮಕ್ಕಳಿಬ್ಬರೂ ಪಟ್ಟಕ್ಕೆ ಹೊಡೆದಾಡಿದರು. ನಡುವಿನ ಹೊಳೆಯೇ ಗಡಿಯಾಯಿತು. ದೊಡ್ಡ ಯುದ್ಧ ದೂರದಲ್ಲೆಲ್ಲೋ ನಡೆಯುತ್ತಿತ್ತು. ಹೊಳೆಯ ದಂಡೆಯವರು ಮಾತ್ರ ಒಬ್ಬರ ದನ ಒಬ್ಬರು ಹೊಡೆದುಕೊಂಡು ಹೋಗುತ್ತಿದ್ದರು. ಹೊಳೆಯನ್ನು ನಡೆದು ದಾಟಲು ಎರಡೇ ಜಾಗ. ಈಚೆಯವರದು ಮೇಲಿನದು, ಆಚೆಯವರದು ಕೆಳಗಿನದು. ಕಾವಲಿನವರು ಉಣ್ಣಲು ಕೂರುವ ನಡುಮಧ್ಯಾಹ್ನವೇ ಎರಡೂ ಕಡೆಯವರಿಗೆ ಕದಿಯುವ ಹೊತ್ತು. ಹಿಂದೆ ಒಂದೇ ರಾಜ್ಯದವರಲ್ಲವೇ, ಬುದ್ಧಿಯೂ ಒಂದೇ.

ಈಚೆ ದಡದ ಒಬ್ಬ ರೈತನ ಹಸುವನ್ನು ಆಚೆಯ ರೈತನೊಬ್ಬ ಹೊಡೆದುಕೊಂಡು ಹೋದ. ಎಳೆಗರು ಇಲ್ಲೇ ಉಳಿಯಿತು. ಈ ರೈತನ ಮನೆಯಲ್ಲಿ ಮೂರು ತಿಂಗಳ ಕೂಸಿತ್ತು. ತಾಯಿಗೆ ಎದೆಹಾಲು ಬತ್ತಿತ್ತು. ಗಂಜಿ ತಿಳಿ ಕುಡಿಸಿದರೆ ಕೂಸು ಕಕ್ಕುತ್ತಿತ್ತು.

ಮರುದಿನ ನಡುಮಧ್ಯಾಹ್ನ ರೈತ ಮಚ್ಚು ಹಿಡಿದು ಆಚೆ ಹೋದ. ಹಸುವನ್ನು ಹೊಡೆದುಕೊಂಡು ಬಂದ. ಬಂದು ನೋಡಿದರೆ ಕರು ಇಲ್ಲ. ಕರುವಿಲ್ಲದೆ ಹಸು ಸೊರೆ ಬಿಡಲಿಲ್ಲ, ಹಾಲಿಳಿಸಲಿಲ್ಲ. ಕೆಚ್ಚಲಿಗೆ ಕೈ ಹಾಕಿದರೆ ಒದೆಯಿತು.

ಅದರ ಮರುದಿನ ಮತ್ತೆ ಹೋದ. ಕರುವನ್ನು ಹೆಗಲ ಮೇಲೆ ಹೊತ್ತು, ಮೀಸೆ ತಿರುವುತ್ತಾ ಬಂದ. ಈಗ ಹಸು ಇಲ್ಲ.

"ನೀವು ಅಲ್ಲಿ ಪೌರುಷ ತೋರಿಸ್ತಿದ್ರಿ, ಅವನು ಇಲ್ಲಿ ಹಗ್ಗ ಬಿಚ್ಚುತ್ತಿದ್ದ" ಎಂದಳು ಹೆಂಡತಿ.

"ಅವನ ಕೈ ಕಡೀಬೇಕಿತ್ತು!"

"ಕಡಿಯೋಕೆ ನಾನೂ ಕುಡುಗೋಲು ಎತ್ತಿದ್ದೆ. ಕೂಸಿನ ಅಳು ಕೇಳಿ ಅವನು ನಿಂತುಬಿಟ್ಟ. 'ನಮ್ಮದೂ ಹೀಗೇ ಅಳುತ್ತೆ, ತಾಯಿ' ಅಂದ. ಎತ್ತಿದ ಕುಡುಗೋಲು ಕೆಳಗಿಟ್ಟೆ."

ರೈತ ಆ ದಿನ ಉಣ್ಣಲಿಲ್ಲ. ಮಾರನೆಯ ಮಧ್ಯಾಹ್ನ ಮಚ್ಚನ್ನು ಮನೆಯಲ್ಲೇ ಬಿಟ್ಟ. ಕರುವನ್ನೂ ಒಂದು ಚೆಂಬನ್ನೂ ಎತ್ತಿಕೊಂಡು ಹೊರಟ. ಎಂದೂ ಕಾಲಿಡದ ಕೆಳಗಿನ ಜಾಗಕ್ಕೇ ಹೋಗಿ ಮೊಣಕಾಲುದ್ದ ನೀರಿನಲ್ಲಿ ನಿಂತ. ಕರು ಕೂಗಿತು. ಆಚೆ ದಡದಿಂದ ಹಸು ಓಗೊಟ್ಟಿತು. ಸ್ವಲ್ಪ ಹೊತ್ತಿಗೆ ಹಸು ಹೊಳೆಗೆ ನುಗ್ಗಿ ಬಂತು. ಹಗ್ಗ ಹಿಡಿದಿದ್ದ ಆಚೆಯ ರೈತನೂ ಎಳೆದಂತೆ ಬಂದ. ಅವನ ಇನ್ನೊಂದು ಕೈಯಲ್ಲಿ ಹಾಲು ಕರೆಯಲು ಒಯ್ದಿದ್ದ ಖಾಲಿ ಚೆಂಬಿತ್ತು.

"ಕಳ್ಳ!" ಎಂದ ಅವನು.

"ಮೊದಲು ಕದ್ದವನು ನೀನಯ್ಯ!" ಎಂದ ಇವನು.

ಅಷ್ಟರಲ್ಲಿ ಕರು ಮೊಲೆಗೆ ಬಾಯಿ ಹಾಕಿತ್ತು. ಹಸು ಸೊರೆ ಬಿಟ್ಟಿತು. ಬೈಯುವುದಕ್ಕೆ ಹೊತ್ತಿರಲಿಲ್ಲ. ಇಬ್ಬರೂ ಒಂದೊಂದು ಪಕ್ಕಕ್ಕೆ ಬಗ್ಗಿ ಕರೆದರು. ಎರಡು ಚೆಂಬೂ ತುಂಬಿದವು. ಆಮೇಲೆ ಹಸು ನಡುಹೊಳೆಯಲ್ಲಿ ನಿಂತು ಕರುವನ್ನು ನೆಕ್ಕುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಚನ್ನಬೀರನಿಗೆ ತಡೆಯಲಾಗಲಿಲ್ಲ. "ಹೇಳಿ ಗುರುಗಳೇ, ಕೊನೆಗೆ ಹಸು ಯಾವ ದಡಕ್ಕೆ ಹೋಯಿತು? ಗೆದ್ದವನು ಯಾರು?"

ಅಂಗಳದಲ್ಲಿ ಹಸು ಮತ್ತೆ ಕೂಗಿತು.

"ಚನ್ನಬೀರ, ನೀನು ತಂದ ಹಸುವಿನ ಕರು ಎಷ್ಟು ದಿನದ್ದು?" ಎಂದರು ಗುರುಗಳು.