ಹೂಂ ಅಂದ ಮೇಲೇ ಡಂಗುರ

ಮೊದಲೇ ಹೇಳಿಬಿಡ್ತೀನಿ ಪುಟ್ಟಿ, ನೀನು ಹೂಂಗುಟ್ಟಿದ್ರೆ ಕತೆ, ಇಲ್ಲದಿದ್ರೆ ಇಲ್ಲ. ಗೋಡೆಗೆ ಕತೆ ಹೇಳೋಕೆ ನನಗೇನು ಹುಚ್ಚೇ? ಹಾಂ, ಹಾಗೆ. ಕಾಲು ಒಳಗೆಳ್ಕೋ, ಕೌದಿ ಹೊದ್ಕೋ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಹಾಲುಹಲ್ಲು ಬೀಳೋಕೆ ಮುಂಚೆ, ಕೆಂಬಾರೆ ಅಂತ ಒಂದು ಸೀಮೆ ಇತ್ತಂತೆ. ಅದಕ್ಕೊಬ್ಬ ರಾಜ, ಚೆಲುವರಾಯ ಅಂತ. ಕೆಟ್ಟವನಲ್ಲ, ಮೂಗಿನ ತುದೀಲೇ ಕೋಪ ಅಷ್ಟೇ. ಆ ಸೀಮೇಲಿ ಕಾನೂನು ಮಾಡೋದು ಬಲು ಸಲೀಸಂತೆ. ರಾಜನ ಬಾಯಿಂದ ಮಾತು ಬಿತ್ತು ಅಂದ್ರೆ ಮಂತ್ರಿ ಅದನ್ನ ಡಂಗುರದೋನ ಕಿವಿಗೆ ಹಾಕೋನು, ಆಮೇಲೆ ಡಂಗುರದೋನು ಊರೂರು ಸುತ್ತಿ ಸಾರೋನು, ಕಾನೂನು ಆಗಿಹೋಯ್ತು. ಯಾರನ್ನೂ ಕೇಳೋದಿಲ್ಲ, ಯಾರೂ ಬರೆದಿಡೋದಿಲ್ಲ.

ಡಂಗುರದೋನ ಹೆಸರು ಹನುಮಣ್ಣ. ಒಳ್ಳೆ ಗಂಟಲು ಅವಂದು, ಒಂದೂರಲ್ಲಿ ಕೂಗಿದ್ರೆ ಮೂರೂರಿಗೆ ಕೇಳಿಸೋದು. ಆದ್ರೆ ಅವನ ನಾಲಿಗೆಗೆ ಹಕಾರ ಹೊರಳ್ತಿರಲಿಲ್ಲವಂತೆ. ಹಾಲಿಗೆ ಆಲು ಅನ್ನೋನು, ಹಸುಗೆ ಅಸು ಅನ್ನೋನು, ನಿನ್ನ ಹೆಸರೇನಪ್ಪಾ ಅಂದ್ರೆ ಅನುಮಣ್ಣ ಅನ್ನೋನು. ನಗಬೇಡ ಕಣೇ, ನಿಮ್ಮ ತಾತನೂ ಹಾಗೇ ಮಾತಾಡ್ತಿದ್ರು, ಅವರಂಥ ಒಳ್ಳೆಯವರು ಈ ಬೀದೀಲಿ ಇರಲಿಲ್ಲ.

ಒಂದಿನ ರಾಜಂಗೆ ದವಡೆಹಲ್ಲು ನೋವು ಹಿಡ್ಕೊಳ್ತಂತೆ. ಲವಂಗ ಇಟ್ರೂ ಬಗ್ಗಲಿಲ್ಲ, ಉಪ್ಪುನೀರು ಮುಕ್ಕಳಿಸಿದ್ರೂ ಬಗ್ಗಲಿಲ್ಲ. ಹೆಂಗಸರು ರಾಗಿ ಬೀಸ್ತಾ ಪದ ಹಾಡೋದು ಕಿವಿಗೆ ಬಿದ್ದು ಇನ್ನೂ ರೇಗಿ, ನಾಳೆಯಿಂದ ನನ್ನ ಸೀಮೇಲಿ ಹಾಡು ಇರಕೂಡದು ಅಂದುಬಿಟ್ನಂತೆ. ಮಂತ್ರಿ ಹನುಮಣ್ಣನಿಗೆ ಹೇಳಿದ, ಹನುಮಣ್ಣ ಹೋಗಿ ಏನಂತ ಸಾರಿದ ಹೇಳು? ಕೇಳ್ರಪ್ಪೋ ಕೇಳಿ, ನಾಳೆಯಿಂದ ಸೀಮೇಲಿ ಆಡು ಇರಕೂಡದಂತೆ!

ಅಯ್ಯೋ ಶಿವನೇ, ಆಡು ಸಾಕಿದೋರ ಗತಿ! ಆಳುಗಳು ಬಂದು ಮನೆಮನೆ ಆಡನ್ನೂ ಹೊಡ್ಕೊಂಡು ಹೋಗಿ ದೊಡ್ಡಿಗೆ ಕೂಡಿದ್ರು. ಮೂರು ದಿನ ಕಳೆದ್ರೆ ಎಲ್ಲಾನೂ ಗಡಿ ಆಚೆ ಅಟ್ಟಿಬಿಡೋದು. ಆ ದುಃಖದಲ್ಲಿ ಹಾಡೋರಾದ್ರೂ ಯಾರು? ಬೀಸೋ ಕಲ್ಲೂ ಸುಮ್ಮನಾಯ್ತು. ಅರಮನೇಲಿ ರಾಜ, ಓಹೋ ನನ್ನ ಕಾನೂನು ಚೆನ್ನಾಗಿ ನಡೀತಿದೆ ಅಂದ್ಕೊಂಡ್ನಂತೆ.

ಆ ಊರಲ್ಲಿ ದುಗ್ಗಜ್ಜಿ ಅಂತ ಒಬ್ಬಳಿದ್ದಳು. ಅವಳ ಮೊಮ್ಮಗಳು ನೀಲಿ, ಏಳು ತಿಂಗಳ ಕೂಸು, ತಾಯಿ ಇಲ್ಲದ ತಬ್ಬಲಿ. ಹಸುವಿನ ಹಾಲು ಕುಡಿಸಿದ್ರೆ ಕಕ್ಕೋದು, ಗಂಜಿ ಕುಡಿಸಿದ್ರೆ ಕಕ್ಕೋದು, ಚುಕ್ಕಿ ಅನ್ನೋ ಆಡಿನ ಹಾಲು ಮಾತ್ರ ಹೊಟ್ಟೇಲಿ ನಿಲ್ಲೋದು. ಚುಕ್ಕಿ ದೊಡ್ಡಿ ಸೇರಿದ ಮೇಲೆ ಕೂಸು ಅತ್ತೂ ಅತ್ತೂ ದನಿ ಬಿದ್ದುಹೋಯ್ತು. ಅಜ್ಜಿ ಕೂಸನ್ನ ಕಂಕುಳಿಗೆ ಏರಿಸ್ಕೊಂಡು ಹೊರಟಳಂತೆ.

ಮೊದಲನೇ ದಿನ ಹನುಮಣ್ಣನ ಹತ್ರ ಹೋದಳು. ಅವನು, ನಾನು ಸಾರೋನು ತಾಯಿ, ಏಳ್ದೋನು ಮಂತ್ರಿ ಅಂದ. ಎರಡನೇ ದಿನ ಮಂತ್ರಿ ಹತ್ರ ಹೋದಳು. ಅವನು ತಲೆ ಕೂಡ ಎತ್ತದೆ, ನಾನು ದಾಟಿಸೋನು, ಅಂದೋರು ರಾಜರು ಅಂದ. ಮೂರನೇ ದಿನ ರಾಜನ ಮುಂದೆ ನಿಂತು, ನನ್ನ ಆಡು ನಿಮಗೇನು ಮಾಡಿತ್ತು ಬುದ್ಧಿ ಅಂತ ಕೇಳಿದಳಂತೆ. ಆಡೇ? ಯಾವ ಆಡು? ಅಂತ ರಾಜ ಕಣ್ಣುಕಣ್ಣು ಬಿಟ್ಟ. ಆಮೇಲೆ ಮಂತ್ರೀನ ಕರೆಸಿ, ಹನುಮಣ್ಣನ್ನ ಕರೆಸಿ, ಇನ್ನೊಂದ್ಸಲ ಸಾರಯ್ಯ ಅಂದಾಗ ಗುಟ್ಟು ಬಯಲಾಯ್ತು. ಕೂಸಿನ ಒಣಗಿದ ತುಟಿ ನೋಡಿ ರಾಜಂಗೆ ಹಲ್ಲುನೋವೇ ಮರೆತುಹೋಯ್ತಂತೆ. ತಪ್ಪಾಯ್ತಜ್ಜಿ, ನಿನ್ನ ಆಡು ಹೊಡ್ಕೊಂಡು ಹೋಗು ಅಂದ.

ನಾನಾಗಿದ್ರೆ ಓಡಿಹೋಗಿ ಹೊಡ್ಕೊಂಡು ಬರ್ತಿದ್ದೆ. ದುಗ್ಗಜ್ಜಿ ಮಾತ್ರ ಅಲ್ಲಾಡಲಿಲ್ಲ. ಮಿಕ್ಕ ಮನೆ ಮಕ್ಕಳ ಗತಿಯೇನು, ನಾಳೆ ನಿಮಗೆ ಕಿವಿನೋವು ಬಂದ್ರೆ ಇನ್ನೇನು ಕಾದಿದೆ ಅಂದಳಂತೆ. ಆಮೇಲೆ ಒಂದು ಮಾತು ಅಂದಳು, ಕೇಳಿಸ್ಕೋ.

"ಬುದ್ಧಿ, ಮಕ್ಕಳಿಗೆ ಕತೆ ಹೇಳೋವಾಗ ಕೂಡ ಮಗು ಹೂಂ ಅನ್ನದೆ ನಾನು ಮುಂದಿನ ಮಾತು ಎತ್ತೋದಿಲ್ಲ. ನೀವು ಕಾನೂನನ್ನೇ ಮಾಡಿದ್ರಿ. ಹೂಂ ಅಂದೋರು ಯಾರು?"

ಆಗ ರಾಜ, ಜನ ಸೇರಿ ತೀರ್ಮಾನ ಮಾಡೋವರೆಗೂ ಎಲ್ಲ ಆಡೂ ಅವರವರ ಮನೇಲೇ ಇರಲಿ ಅಂತ ದೊಡ್ಡಿ ಬಾಗಿಲು ತೆಗೆಸಿದ. ನೀಲಿ ಅವತ್ತು ಹೊಟ್ಟೆ ತುಂಬ ಕುಡಿದು ಮಲಗಿತು. ಆದ್ರೆ ಜನ ಏನಂತಾರೋ ಅನ್ನೋ ಚಿಂತೆ ಅಜ್ಜಿಗೆ ತಪ್ಪಲಿಲ್ಲ.

ಹೂಂ ಅನ್ನೇ. ಹಾಂ.

ಆಮೇಲೆ ಜನರ ಹೂಂ ಕೇಳೋಕೆ ಅಂತ ರಾಜ ಎರಡು ಮನೆ ಕಟ್ಟಿಸಿದ್ನಂತೆ. ಕೆಳಮನೆಗೆ ಹೋಬಳಿಗೊಬ್ಬರಂತೆ ಜನರೇ ಆರಿಸಿ ಕಳಿಸೋದು, ಐದು ವರ್ಷಕ್ಕೊಮ್ಮೆ ಅವರು ಮತ್ತೆ ಜನರ ಮುಂದೆ ಕೈ ಮುಗಿದು ನಿಲ್ಲಬೇಕು. ಮೇಲ್ಮನೆಗೆ ಒಂದೊಂದು ನಾಡಿನ ಪಂಚರು ಆರಿಸಿದ ಹಿರಿಯರು. ಆ ಮನೆ ಯಾವತ್ತೂ ಪೂರ್ತಿ ಖಾಲಿಯಾಗೋದಿಲ್ಲ, ಒಂದಷ್ಟು ಜನ ಎದ್ರೆ ಒಂದಷ್ಟು ಜನ ಬಂದು ಕೂರ್ತಾರೆ, ಒಲೇಲಿ ಕೆಂಡ ಉಳಿಸ್ಕೊಂಡ ಹಾಗೆ. ಹೂಂ ಅನ್ನೋರು ಒಂದು ಕಡೆ, ಊಹೂಂ ಅನ್ನೋರು ಎದುರು ಕಡೆ. ಊಹೂಂ ಅನ್ನೋರಿಗೂ ಚಾಪೆ ಯಾಕೆ ಅಂತ ಮಂತ್ರಿ ಗೊಣಗಿದ್ನಂತೆ. ಊಹೂಂ ಅನ್ನೋಕೆ ಬಾಯಿ ಇಲ್ಲದೋರ ಹೂಂಗೆ ಏನು ಬೆಲೆ ಅಂತ ರಾಜನೇ ಗದರಿದ್ನಂತೆ. ನಡುವೆ ಎತ್ತರದ ಪೀಠ. ಗದ್ದಲ ಅಡಗಿಸಿ, ಒಬ್ಬರಾದ ಮೇಲೆ ಒಬ್ಬರನ್ನ ಮಾತಾಡಿಸೋರು ಅಲ್ಲಿ ಕೂರಬೇಕು, ತಾವು ಮಾತ್ರ ಯಾವ ಕಡೇನೂ ಹಿಡೀಬಾರದು. ಮಕ್ಕಳ ಹಿಂಡನ್ನೇ ಸುಮ್ಮನಿರಿಸಿದೋಳು ಅಂತ ಎಲ್ಲ ಸೇರಿ ಕೆಳಮನೆ ಪೀಠದಲ್ಲಿ ದುಗ್ಗಜ್ಜೀನ ಕೂರಿಸಿದ್ರಂತೆ.

ಮೊದಲು ಬಂದಿದ್ದೇ ಆಡಿನ ಮಸೂದೆ. ಮಸೂದೆ ಅಂದ್ರೆ ಇನ್ನೂ ಬೇಯದ ಕಾನೂನು ಕಣೆ. ಆಡೂ ಇರಬಹುದು, ಹಾಡೂ ಇರಬಹುದು ಅಂತ ಬರೆದಿತ್ತು. ಅದನ್ನ ಮೂರು ಸಲ ಓದಬೇಕು ಅಂತ ಕಟ್ಟಳೆ ಮಾಡ್ಕೊಂಡ್ರು. ಮೊದಲನೇ ಸಲ, ಇದು ಒಳಗೆ ಬರಬಹುದೇ ಅಂತ ಕೇಳಿದ್ರು. ಹೂಂ ಅಂದ್ರು. ಎರಡನೇ ಸಲ, ಒಂದೊಂದೇ ಸಾಲು ಬಿಡಿಸಿ, ಇದು ಹಾಡೋ ಆಡೋ ಅಂತ ಹಕಾರಕ್ಕೆ ಬೆರಳಿಟ್ಟು ಓದಿದ್ರು. ಆಗ ಎದ್ದ ನೋಡು ಕಾಯಿಪಲ್ಯದ ಸಿದ್ಧಪ್ಪ. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೇನೇ ಇದೆ, ನನ್ನ ಅವರೆ ಪಾತಿ ಮೇಯ್ದು ಮೂರು ಸಲ ಬೋಳು ಮಾಡಿವೆ, ಆಡು ತೊಲಗಲಿ ಅಂದ. ಅವನ ಹಿಂದೆ ಅರ್ಧ ಮನೆ ಊಹೂಂ ಊಹೂಂ ಅಂತು. ಅಜ್ಜಿಗೆ ಅಳು ಬಂತು, ಮಾತು ನಾಲಿಗೆ ತುದಿಗೂ ಬಂತು, ನುಂಗಿಕೊಂಡಳು. ಪೀಠದ ಮೇಲೆ ಕೂತೋಳು ತನ್ನ ಆಡಿನ ಪರ ಮಾತಾಡೋ ಹಾಗಿಲ್ಲವಲ್ಲ. ಸಿದ್ಧಪ್ಪ ಹೇಳಿ ಮುಗಿಸೋವರೆಗೂ ಯಾರೂ ಅಡ್ಡ ಬಾಯಿ ಹಾಕಬಾರದು ಅಂತ ಗದರಿದಳು.

ಆಮೇಲೆ ಆ ಕಡೆಯಿಂದ ಇಬ್ಬರು, ಈ ಕಡೆಯಿಂದ ಇಬ್ಬರು ಒಂದು ಸಮಿತಿ ಮಾಡ್ಕೊಂಡು ಅವರೆ ಪಾತೀನೂ ನೋಡಿದ್ರು, ಅಜ್ಜಿ ಮನೆಗೆ ಹೋಗಿ ನೀಲಿ ಹಾಲು ಕುಡಿಯೋದನ್ನೂ ನೋಡಿದ್ರು. ವಾಪಸ್ ಬಂದು, ಆಡು ಇರಲಿ, ಬೆಳೆ ಇರೋ ಕಡೆ ಹಗ್ಗ ಹಾಕಿ ಕಟ್ಟಲಿ ಅಂತ ಒಂದು ಸಾಲು ಸೇರಿಸಿದ್ರು. ಮೂರನೇ ಸಲ ಇಡೀ ಮಸೂದೆ ಓದಿ ಕೇಳಿದಾಗ ಎಲ್ಲರಿಗಿಂತ ಮೊದಲು ಹೂಂ ಅಂದೋನು ಸಿದ್ಧಪ್ಪನೇ ಅಂತೆ. ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಂಡಳು.

ಮುಗೀಲಿಲ್ಲ, ಮೇಲ್ಮನೆ ಇದೆಯಲ್ಲ. ಅಲ್ಲೂ ಮೂರು ಸಲ ಓದಿದ್ರು. ಒಬ್ಬ ಮುದುಕ ಕನ್ನಡಕ ಏರಿಸ್ಕೊಂಡು, ಹಗ್ಗ ಅಂದಿರಿ, ಎಷ್ಟುದ್ದ ಅಂತ ಹೇಳಿಲ್ಲ, ಗೇಣುದ್ದ ಕಟ್ಟಿದ್ರೆ ಮರಿ ಕರೆದಾಗ ತಾಯಿ ಹೋಗೋದು ಹ್ಯಾಗೆ ಅಂದ್ನಂತೆ. ಹತ್ತು ಮಾರು ಅಂತ ತಿದ್ದಿ ಕೆಳಮನೆಗೆ ವಾಪಸ್ ಕಳಿಸಿದ್ರು. ಅಲ್ಲೂ ಹೂಂ ಅಂದ ಮೇಲೆ ರಾಜನ ಹತ್ರ ಹೋಯ್ತು. ರಾಜ ತಾನೂ ಒಂದ್ಸಲ ಓದಿ ಮುದ್ರೆ ಒತ್ತಿದ.

ಆಮೇಲೆ ಡಂಗುರ. ಹನುಮಣ್ಣ ಊರ ನಡುವೆ ನಿಂತು ಸಾರಿದ. ಕೇಳ್ರಪ್ಪೋ ಕೇಳಿ, ಇವತ್ತಿಂದ ಆಡೂ ಇರಬೌದು, ಆಡೂ ಇರಬೌದು! ಜನ ಬಿದ್ದು ಬಿದ್ದು ನಕ್ಕರು. ಒಬ್ಬರೂ ತಪ್ಪಾಗಿ ತಿಳ್ಕೊಳ್ಳಲಿಲ್ಲ. ತಾವೇ ಕಳಿಸಿದೋರು ಅಷ್ಟು ಸಲ ಓದಿದ್ದನ್ನ ಮನೆಮನೆಯೋರೂ ಆಗಲೇ ಕೇಳಿದ್ರಲ್ಲ.

ಹನುಮಣ್ಣ ಮಾತ್ರ ನಾಚಿಕೆಯಿಂದ ತಲೆ ತಗ್ಗಿಸಿದ್ದ. ದುಗ್ಗಜ್ಜಿ ಒಂದು ಗಿಂಡಿ ತುಂಬ ಚುಕ್ಕಿಯ ಹಾಲು ತಂದು ಮೊದಲು ಅವನ ಕೈಗೇ ಕೊಟ್ಟಳಂತೆ. "ಕುಡಿಯಪ್ಪ. ನಿನ್ನ ನಾಲಿಗೆ ತಪ್ಪಿದ್ದಕ್ಕೆ ಅಲ್ವೇ ನಮಗೆಲ್ಲ ನಾಲಿಗೆ ಬಂದಿದ್ದು" ಅಂದಳಂತೆ. ಅವನು ಕಣ್ಣೀರು ಹಾಕ್ಕೊಂಡು, ಆಲು ಚೆನ್ನಾಗೈತೆ ತಾಯಿ ಅಂದ. ಅವತ್ತು ಸಂಜೆ ಕೆಂಬಾರೆ ತುಂಬ ಜೋಗುಳವೇ ಜೋಗುಳ. ನೀಲಿ ಗುಂಡುಗುಂಡಗೆ ಬೆಳೆದು, ದೊಡ್ಡೋಳಾಗಿ, ಜನ ಆರಿಸಿ ಕಳಿಸಿದ ಮೇಲೆ ಅದೇ ಕೆಳಮನೆಗೆ ಹೋಗಿ ಕೂತಳಂತೆ.

ನಮ್ಮ ದಿಲ್ಲೀಲೂ ಹಾಗೇ ಎರಡು ಮನೆ ಇವೆಯಂತೆ, ಮೂರು ಸಲ ಓದೋದೂ ಇದೆಯಂತೆ. ನಾನು ಹೋಗಿ ನೋಡಿಲ್ಲ. ಆದ್ರೆ ವೋಟು ಹಾಕಿ ಬಂದ ದಿನ ಈ ಬೆರಳಿನ ಮಸಿ ನೋಡ್ಕೊಂಡು ದುಗ್ಗಜ್ಜಿಗೊಂದು ಕೈ ಮುಗೀತೀನಿ. ನನ್ನಂಥ ಓದುಬರಹ ಇಲ್ಲದೋಳ ಹೂಂ ಕೂಡ ಒಬ್ಬರಿಗೆ ಬೇಕಲ್ಲ ಮಗಾ, ಅದೇನು ಕಮ್ಮಿ ಪುಣ್ಯವೇ?

ಏನೇ? ಹೂಂ ಅನ್ನೇ ಪುಟ್ಟಿ.

ಮಲಗಿಬಿಡ್ತು ಕೂಸು. ಹೂಂ ಅನ್ನೋರಿಲ್ಲದ ಮೇಲೆ ಮುಂದೆ ಹೇಳೋಕೆ ನನಗೇನು ಅಧಿಕಾರ? ಕತೆ ಇಲ್ಲಿಗೇ ಮುಗೀತು.