ಸಾಫ್ಟ್‌ವೇರಿನ ಜಾತಕ

ಸಾಫ್ಟ್‌ವೇರ್ ಕಂಪನಿ ಮಾಲೀಕ ಷಡಕ್ಷರಪ್ಪನವರಿಗೆ ಟೆಸ್ಟಿಂಗ್ ಅಂದರೆ ಅಲರ್ಜಿ, ಮುಹೂರ್ತ ಅಂದರೆ ಪ್ರಾಣ.

"ನಾಳೆ ಹತ್ತೂಕಾಲಿಗೆ ಒಳ್ಳೇ ಮುಹೂರ್ತ. ತೆಂಗಿನಕಾಯಿ ತಂದಿದೀನಿ. ಒಡೆದು, ಆಸ್ಪತ್ರೆಯವರಿಗೆ ಸಾಫ್ಟ್‌ವೇರ್ ಕೊಟ್ಟುಬಿಡಿ. ಟೆಸ್ಟಿಂಗ್ ಗಿಸ್ಟಿಂಗ್ ಏನೂ ಬೇಡ!" ಎಂದು ಗುಡುಗಿದರು.

ಟೆಸ್ಟಿಂಗ್ ಮಾಡುವ ಹುಡುಗಿ ಮೆಲ್ಲಗೆ ಕೇಳಿದಳು: "ಮುಹೂರ್ತ ಇಟ್ಟಾಯ್ತು, ಸರಿ. ಜಾತಕ ನೋಡಿದ್ರಾ ಸಾರ್?"

"ಯಾರ ಜಾತಕ?"

"ನಮ್ಮ ಸಾಫ್ಟ್‌ವೇರಿಂದು, ಆಸ್ಪತ್ರೆ ಕಂಪ್ಯೂಟರಿಂದು. ನಾನು ನಿನ್ನೆ ನೋಡಿದೆ. ಮೂವತ್ತಾರು ಗುಣದಲ್ಲಿ ಕೂಡಿದ್ದು ಒಂಬತ್ತೇ."

ಷಡಕ್ಷರಪ್ಪನವರು ಬೆವರು ಒರೆಸಿಕೊಂಡರು. "ನಾಡಿದೋಷ ಇಲ್ಲ ತಾನೇ?"

"ಇದೆ ಸಾರ್. ಸೇವ್ ಒತ್ತಿದ್ರೆ ರೋಗಿಯ ಹೆಸರೇ ಅಳಿಸಿಹೋಗುತ್ತೆ."

"ಅಯ್ಯೋ ಶಿವನೇ! ಪರಿಹಾರ ಏನಮ್ಮಾ?"

"ಹದಿನೈದು ದಿನ ಟೆಸ್ಟಿಂಗ್ ಸಾರ್. ಆ ತೆಂಗಿನಕಾಯಿ ಕ್ಯಾಂಟೀನಿಗೆ ಕೊಡಿ, ಚಟ್ನಿಗಾಗುತ್ತೆ."